ಪದ ಪರಿಚಯ: ಆಕಾಶ್ ಕ್ಷಿಪಣಿ

ಆಕಾಶ್ ಎಂಬುದು ಡಿಆರ್‌ಡಿಒ ರೂಪಿಸಿದ, ನೆಲದಿಂದ ಆಗಸಕ್ಕೆ ಚಿಮ್ಮುವ ಮಧ್ಯಮ ವ್ಯಾಪ್ತಿಯ ಕ್ಷಿಪಣಿ. ಶತ್ರುವಿನ ಯುದ್ಧವಿಮಾನ, ಡ್ರೋನ್, ಕ್ರೂಸ್ ಕ್ಷಿಪಣಿಗಳನ್ನು ಸುಮಾರು 25 ಕಿ.ಮೀ. ದೂರದಲ್ಲೇ ಹೊಡೆದುರುಳಿಸುವುದು ಇದರ ಕೆಲಸ. ಉದ್ದ 6 ಮೀಟರಿಗೆ ತುಸು ಕಡಿಮೆ, ತೂಕ ಸುಮಾರು 720 ಕೆ.ಜಿ., ವೇಗ ಶಬ್ದದ ಎರಡೂವರೆ ಪಟ್ಟು.

ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು ಐದಾರು ಕಿ.ಮೀ.ಗೆ ಸುಸ್ತಾಗುತ್ತವೆ; ರಷ್ಯಾದ ಎಸ್‌-400ರಂಥವು ನೂರಾರು ಕಿ.ಮೀ. ಹೋಗುತ್ತವೆ. ಇವೆರಡರ ನಡುವಿನ ಜಾಗ ಆಕಾಶ್‌ನದು. 25 ಕಿ.ಮೀ.ಯನ್ನು ಕಡಿಮೆ ವ್ಯಾಪ್ತಿ ಎಂದೇ ಲೆಕ್ಕ ಹಾಕುವವರೂ ಇದ್ದಾರೆ. ಆ ಗೆರೆಯನ್ನು ಒಬ್ಬೊಬ್ಬರು ಒಂದೊಂದು ಕಡೆ ಎಳೆಯುತ್ತಾರೆ.

ಆಕಾಶ್‌ನ ಮೂಲ ಮಾದರಿಗೆ ಸ್ವಂತ ಕಣ್ಣಿಲ್ಲ ಎಂಬುದನ್ನು ತಿಳಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಗುರಿಯನ್ನು ಹುಡುಕುವ ಸೀಕರ್ ಅದರ ಮೂತಿಯಲ್ಲಿರಲಿಲ್ಲ. ನೋಡುವುದು, ಲೆಕ್ಕ ಹಾಕುವುದು, ‘ಎಡಕ್ಕೆ ತಿರುಗು, ಮೇಲೇರು’ ಎಂದು ಕ್ಷಣಕ್ಷಣವೂ ಆಜ್ಞೆ ಕಳಿಸುವುದು ಎಲ್ಲವೂ ನೆಲದ ಮೇಲಿನ ರಾಜೇಂದ್ರ ರೇಡಾರ್‌ನ ಹೊಣೆ. ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ ಕಟ್ಟಿದ ಈ ರೇಡಾರ್, ಆಂಟೆನಾವನ್ನು ಗಿರಗಿರ ತಿರುಗಿಸದೆ ತನ್ನ ಕಿರಣವನ್ನಷ್ಟೇ ವಿದ್ಯುನ್ಮಾನ ವಿಧಾನದಲ್ಲಿ ಬೇಕಾದತ್ತ ಹೊರಳಿಸಬಲ್ಲದು. ಹಾಗಾಗಿ 64 ಗುರಿಗಳ ಜಾಡು ಹಿಡಿಯುತ್ತಲೇ ನಾಲ್ಕರ ಮೇಲೆ ಏಕಕಾಲಕ್ಕೆ ಕ್ಷಿಪಣಿಗಳನ್ನು ನಡೆಸುತ್ತದೆ. 2023ರ ಡಿಸೆಂಬರ್‌ನಲ್ಲಿ ಆಂಧ್ರಪ್ರದೇಶದ ಸೂರ್ಯಲಂಕದಲ್ಲಿ ವಾಯುಪಡೆ ಇದನ್ನು ಮಾಡಿಯೇ ತೋರಿಸಿತು: ಒಂದೇ ಘಟಕ, ನಾಲ್ಕು ಗುರಿ. ಕ್ಷಿಪಣಿ ಹಾರುವ ಚಿತ್ರವೇ ಎಲ್ಲೆಡೆ ಅಚ್ಚಾಗುತ್ತದೆ; ನನ್ನ ಮಟ್ಟಿಗೆ ಈ ಯೋಜನೆಯ ನಿಜವಾದ ಗಳಿಕೆ ಆ ರೇಡಾರ್.

ಎರಡನೆಯ ವಿಶೇಷ, ರ‍್ಯಾಮ್‌ಜೆಟ್ ಎಂಜಿನ್. ಸಾಮಾನ್ಯ ರಾಕೆಟ್ ಮೊದಲ ಕೆಲವು ಸೆಕೆಂಡುಗಳಲ್ಲೇ ಇಂಧನ ಮುಗಿಸಿ, ಮುಂದೆ ಬರೀ ಓಟದ ಬಲದಿಂದ ಸಾಗುತ್ತದೆ. ಗುರಿ ಹತ್ತಿರವಾದಾಗ, ಅಂದರೆ ಚುರುಕಾಗಿ ತಿರುಗಬೇಕಾದ ಹೊತ್ತಿಗೆ ಸರಿಯಾಗಿ, ಅದರ ಕಸುವು ಕುಗ್ಗಿರುತ್ತದೆ. ಆಕಾಶ್‌ನಲ್ಲಿ ಆರಂಭದಲ್ಲಿ ತಳ್ಳುವ ಬೂಸ್ಟರ್ ಉರಿದು ಮುಗಿದ ಮೇಲೆ, ಒಡಲ ಸುತ್ತಲಿನ ನಾಲ್ಕು ಕೊಳವೆಗಳಿಂದ ನುಗ್ಗುವ ಗಾಳಿಯ ಆಮ್ಲಜನಕವನ್ನೇ ಬಳಸಿಕೊಂಡು ಎಂಜಿನ್ ಉರಿಯುತ್ತದೆ. ತಪ್ಪಿಸಿಕೊಳ್ಳಲು ಹೊರಳುವ ವಿಮಾನದ ಬೆನ್ನು ಹತ್ತಲು ಈ ತಳ್ಳುವಿಕೆ ಬೇಕೇಬೇಕು. ಸೋವಿಯತ್ ಕಾಲದ ಕುಬ್ ಕ್ಷಿಪಣಿಯೂ ಇದೇ ತತ್ವದ್ದು. ಆಕಾಶ್‌ನ ಮೈಕಟ್ಟು ಅದನ್ನು ನೆನಪಿಸುತ್ತದೆ ಎನ್ನಲು ಸಂಕೋಚ ಬೇಕಿಲ್ಲ.

1983ರಲ್ಲಿ ಆರಂಭವಾದ ಸಮಗ್ರ ನಿರ್ದೇಶಿತ ಕ್ಷಿಪಣಿ ಕಾರ್ಯಕ್ರಮದಲ್ಲಿ ಪೃಥ್ವಿ, ಅಗ್ನಿ, ತ್ರಿಶೂಲ್, ನಾಗ್‌ಗಳ ಜೊತೆ ಆಕಾಶ್ ಕೂಡ ಸೇರಿತ್ತು. ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಪ್ರಹ್ಲಾದ ರಾಮರಾವ್ ಈ ಯೋಜನೆಯನ್ನು ಮುನ್ನಡೆಸಿದರು. ಮೊದಲ ಹಾರಾಟ 1990ರಲ್ಲಿ, ಸೇನೆಗೆ ಮತ್ತು ವಾಯುಪಡೆಗೆ ವಿಧ್ಯುಕ್ತ ಸೇರ್ಪಡೆ 2015ರಲ್ಲಿ. ತಡವಾಯಿತು, ನಿಜ. ಆದರೆ ರೇಡಾರ್, ಎಂಜಿನ್ ಎರಡನ್ನೂ ಮೊದಲಿನಿಂದ ಕಲಿಯಬೇಕಿದ್ದವರಿಗೆ ಆ ಕಾಲ ವ್ಯರ್ಥವಾಗಲಿಲ್ಲ. ಅರ್ಮೇನಿಯಾ ಇದನ್ನು ಕೊಂಡುಕೊಂಡಿತು. 2025ರ ಆಪರೇಷನ್ ಸಿಂಧೂರದಲ್ಲಿ ಆಕಾಶ್ ನಿಜವಾದ ಯುದ್ಧದಲ್ಲಿ ಬಳಕೆಯಾಯಿತು. ಹೈದರಾಬಾದಿನ ಭಾರತ್ ಡೈನಮಿಕ್ಸ್ ಕ್ಷಿಪಣಿಯನ್ನು ತಯಾರಿಸುತ್ತದೆ, ರೇಡಾರ್‌ಗಳು ಬಿಇಎಲ್‌ನವು.

ನೆಲದಿಂದಲೇ ನಡೆಸುವುದಕ್ಕೆ ಒಂದು ಮಿತಿಯಿದೆ: ದೂರ ಹೆಚ್ಚಿದಂತೆ ರೇಡಾರ್ ಕೊಡುವ ಸ್ಥಾನ ಮಸುಕಾಗುತ್ತದೆ. ಅದಕ್ಕೇ ಸುಧಾರಿತ ಮಾದರಿಯಾದ ಆಕಾಶ್ ಪ್ರೈಮ್‌ನ ಮೂತಿಯಲ್ಲಿ ಸ್ವದೇಶಿ ಸೀಕರ್ ಕೂರಿಸಲಾಗಿದೆ. 2025ರ ಜುಲೈನಲ್ಲಿ ಲಡಾಖ್‌ನ 15,000 ಅಡಿಗೂ ಎತ್ತರದ ತೆಳುಗಾಳಿಯಲ್ಲಿ ಅದು ಎರಡು ಗುರಿಗಳನ್ನು ಹೊಡೆಯಿತು. ಮುಂದಿನ ಪೀಳಿಗೆಯ ಆಕಾಶ್‌-ಎನ್‌ಜಿ ಇನ್ನೂ ಮುಂದೆ ಹೋಗಿ ರ‍್ಯಾಮ್‌ಜೆಟ್ಟನ್ನೇ ಬಿಟ್ಟುಕೊಟ್ಟಿದೆ. ಎರಡು ಹಂತಗಳಲ್ಲಿ ಉರಿಯುವ ಘನ ಇಂಧನದ ಮೋಟಾರು ಕೊನೆಯ ಓಟಕ್ಕೆಂದೇ ಒಂದಷ್ಟು ಬಲವನ್ನು ಕಾಯ್ದಿಟ್ಟುಕೊಳ್ಳುವುದರಿಂದ, ಗಾಳಿ ನುಂಗುವ ಆ ನಾಲ್ಕು ಕೊಳವೆಗಳ ಅಗತ್ಯ ಅದಕ್ಕಿಲ್ಲ.