ಲಾನ್‌ಗೆ ನೀರು ಬಿಡಬೇಡಿ, ಆಸ್ಪತ್ರೆಗೆ ಆಕ್ಸಿಜನ್ ಬೇಕು

2021ರ ಆಗಸ್ಟ್ 20ರಂದು ಫ್ಲೋರಿಡಾದ ಓರ್ಲ್ಯಾಂಡೊ ನಗರದ ಮೇಯರ್ ಬಡ್ಡಿ ಡೈಯರ್ ಊರಿನವರಿಗೆ ಒಂದು ಮನವಿ ಮಾಡಿದರು: ಲಾನ್‌ಗೆ ನೀರು ಬಿಡಬೇಡಿ, ಕಾರು ತೊಳೆಯಬೇಡಿ. ಬರಗಾಲವೇನೂ ಬಂದಿರಲಿಲ್ಲ, ನೆಲದಡಿ ಬೇಕಾದಷ್ಟು ನೀರಿತ್ತು. ತಟ್ಟಿದ್ದು ಆಕ್ಸಿಜನ್ ಕೊರತೆ. ಕೋವಿಡ್‌ನ ಡೆಲ್ಟಾ ಅಲೆಯಿಂದ ಆಸ್ಪತ್ರೆಗಳು ತುಂಬಿದ್ದವು. ವಾರಕ್ಕೆ ಸುಮಾರು 10 ಟ್ಯಾಂಕರ್ ದ್ರವ ಆಮ್ಲಜನಕ ಬಳಸುತ್ತಿದ್ದ ಅಲ್ಲಿನ ನೀರು ಸರಬರಾಜು ಸಂಸ್ಥೆಗೆ ಇನ್ನು ಐದರಿಂದ ಏಳೇ ಸಿಗುತ್ತದೆ ಎಂದಾಗಿತ್ತು.

ಕುಡಿಯುವ ನೀರಿಗೂ ಆಕ್ಸಿಜನ್‌ಗೂ ಎಲ್ಲಿಯ ನಂಟು? ಓರ್ಲ್ಯಾಂಡೊಗೆ ಬರುವುದು ಸುಣ್ಣಕಲ್ಲಿನ ಪದರಗಳಲ್ಲಿ ನಿಂತ ಅಂತರ್ಜಲ. ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಕರಗಿರುತ್ತದೆ. ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಸಾಕು, ಲೋಟ ಬಾಯಿಗೆ ತರುವಾಗಲೇ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಇದನ್ನು ಕ್ಲೋರಿನ್‌ನಿಂದಲೂ ತೆಗೆಯಬಹುದು, ಆದರೆ ಪ್ರಮಾಣ ನೋಡಿ: 1 ಮಿಲಿಗ್ರಾಂ ಸಲ್ಫೈಡನ್ನು ಪೂರ್ತಿ ಸಲ್ಫೇಟ್ ಮಾಡಲು 8 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರಿನ್ ಬೇಕು. ಅರ್ಧಕ್ಕೇ ನಿಂತರೆ ಗಂಧಕದ ಸಣ್ಣ ಕಣಗಳು ಉಳಿದು ನೀರು ಹಾಲಿನಂತೆ ಮಬ್ಬಾಗುತ್ತದೆ. ಹೆಚ್ಚು ಹಾಕಿದರೆ, ನೀರಿನಲ್ಲಿರುವ ಸಾವಯವ ಅಂಶದ ಜೊತೆ ಸೇರಿ ಟ್ರೈಹ್ಯಾಲೋಮೀಥೇನ್ ಎಂಬ, ಆರೋಗ್ಯಕ್ಕೆ ಒಳ್ಳೆಯದಲ್ಲದ ರಾಸಾಯನಿಕಗಳಾಗುತ್ತವೆ. ಇವು ಕ್ಲೋರಿನ್ ಹಾಕಿದ ನೀರಿನಲ್ಲಿ ಹುಟ್ಟುತ್ತವೆಂದು 1974ರಲ್ಲಿ ನೆದರ್ಲೆಂಡ್ಸ್‌ನ ಯೋಹಾನೆಸ್ ರೂಕ್ ತೋರಿಸಿದ ಮೇಲೆ ಅಮೆರಿಕದಲ್ಲಿ ಮಿತಿಗಳು ಬಂದವು, ಅನೇಕ ನಗರಗಳು ಓಝೋನ್ ಕಡೆ ತಿರುಗಿದವು. ಓಝೋನ್ ಎಂದರೆ ಆಕ್ಸಿಜನ್‌ನಿಂದಲೇ ಆಗುವ ಅನಿಲ, ಸಲ್ಫೈಡನ್ನು ಇದೂ ಸಲ್ಫೇಟ್ ಮಾಡುತ್ತದೆ. 1990ರ ದಶಕದಲ್ಲಿ ಓರ್ಲ್ಯಾಂಡೊ ಕೂಡ ಅದೇ ದಾರಿ ಹಿಡಿಯಿತು.

ಓಝೋನನ್ನು ತಂದಿಟ್ಟುಕೊಳ್ಳಲು ಆಗದು, ಬೇಕಾದಾಗ ಅಲ್ಲೇ ತಯಾರಿಸಬೇಕು. ಆಕ್ಸಿಜನ್ ಅನಿಲವನ್ನು ಹೆಚ್ಚು ವೋಲ್ಟೇಜಿನ ವಿದ್ಯುತ್ ಹರಿಯುವ ಕೊಳವೆಗಳ ಮೂಲಕ ಹಾಯಿಸಿದರೆ ತೂಕದಲ್ಲಿ ಸುಮಾರು 10 ಶೇಕಡಾ ಓಝೋನ್ ಆಗುತ್ತದೆ. ಬರಿ ಗಾಳಿ ಬಳಸಿದರೆ 1ರಿಂದ 3 ಶೇಕಡಾ ಅಷ್ಟೇ, ಆ ಗಾಳಿಯನ್ನೂ ಚೆನ್ನಾಗಿ ಒಣಗಿಸಿರಬೇಕು. ಹಾಗಾಗಿ ದೊಡ್ಡ ಘಟಕಗಳಿಗೆ ದ್ರವ ಆಮ್ಲಜನಕವೇ ಅನುಕೂಲ. ಒಂದು ಕೋಟಿ ಲೀಟರ್ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸಲ್ಫೈಡ್ ಇದೆ ಎಂದುಕೊಳ್ಳಿ. ಲೆಕ್ಕದ ಪ್ರಕಾರವೇ 56 ಕೆ.ಜಿ. ಓಝೋನ್ ಬೇಕು, ಅಂದರೆ 560 ಕೆ.ಜಿ. ಆಕ್ಸಿಜನ್. ನೀರು ಹೆಚ್ಚಾದಷ್ಟೂ ಇದೂ ಹೆಚ್ಚು. ಸಂಸ್ಥೆ ಶುದ್ಧೀಕರಿಸಿದ ನೀರಿನಲ್ಲಿ ಸುಮಾರು 40 ಶೇಕಡಾ ಗಿಡ, ಹುಲ್ಲಿಗೆ ಹೋಗುತ್ತಿತ್ತು. ಮೇಯರ್ ಮೊದಲು ಲಾನ್ ಮೇಲೇ ಕಣ್ಣಿಟ್ಟಿದ್ದು ಅದಕ್ಕೇ.

ಈಗ ಆಸ್ಪತ್ರೆಯ ಕಡೆ. ಮೂಗಿನ ಮೂಲಕ ನಿಮಿಷಕ್ಕೆ 60 ಲೀಟರ್ ಶುದ್ಧ ಆಕ್ಸಿಜನ್ ಪಡೆಯುವ ಒಬ್ಬ ರೋಗಿಗೆ ದಿನಕ್ಕೆ 86,400 ಲೀಟರ್ ಅನಿಲ ಬೇಕು. 1 ಲೀಟರ್ ದ್ರವ ಸುಮಾರು 860 ಲೀಟರ್ ಅನಿಲವಾಗುವುದರಿಂದ, ಒಬ್ಬರಿಗೇ ದಿನಕ್ಕೆ ಹತ್ತಿರ ಹತ್ತಿರ 100 ಲೀಟರ್ ದ್ರವ. ಈ ದ್ರವವೂ ನೀರಿನ ಘಟಕದ ದ್ರವವೂ ಒಂದೇ ಬಗೆಯ ಕಾರ್ಖಾನೆಯವು: ಗಾಳಿಯನ್ನು ತಣಿಸಿ, ಮೈನಸ್ 183 ಡಿಗ್ರಿಯ ಆಸುಪಾಸಿನಲ್ಲಿ ಬೇರ್ಪಡಿಸಿ, ಅದೇ ತರಹದ ಟ್ಯಾಂಕರ್‌ಗೆ ತುಂಬುತ್ತಾರೆ. ‘ಮೆಡಿಕಲ್’ ಎನ್ನುವುದು ಹೆಚ್ಚಾಗಿ ಪರೀಕ್ಷೆ ಮತ್ತು ಕಾಗದಪತ್ರದ ವ್ಯತ್ಯಾಸ. ಟ್ಯಾಂಕರ್‌ಗಳ ಸಂಖ್ಯೆ ರಾತ್ರೋರಾತ್ರಿ ಏರುವುದಿಲ್ಲ. ನೈಟ್ರೋಜನ್ ಟ್ಯಾಂಕರನ್ನೇ ಆಕ್ಸಿಜನ್‌ಗೆ ಬಳಸೋಣವೆಂದರೆ, ಒಳಗೆ ಎಣ್ಣೆಯ ಪಸೆ ಉಳಿದಿದ್ದರೂ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅದಕ್ಕೇ ಮೊದಲು ಪೂರ್ತಿ ತೊಳೆದು ಶುದ್ಧಗೊಳಿಸಬೇಕು. ಇಂಥ ವಾಹನ ಓಡಿಸುವ ವಿಶೇಷ ಪರವಾನಗಿಯ ಚಾಲಕರೂ ಆಗ ಅಮೆರಿಕದಲ್ಲಿ ಸಾಲದಾಗಿದ್ದರು.

ಓಝೋನ್ ನಿಂತರೆ ಬರಿ ವಾಸನೆಯ ತೊಂದರೆ ತಾನೇ ಎಂದು ಹೇಳಿ ಮುಗಿಸುವಂತಿಲ್ಲ. ಸೋಂಕು ತಡೆಯಲು ಹಾಕುವ ಕ್ಲೋರಿನ್ನನ್ನು ಸಲ್ಫೈಡ್ ಮೊದಲು ತಿಂದುಬಿಡುತ್ತದೆ, ಕೊಳವೆಯ ಕೊನೆಯ ಮನೆವರೆಗೆ ಉಳಿಯಬೇಕಾದ ಕ್ಲೋರಿನ್ ಉಳಿಯುವುದಿಲ್ಲ. ಬಳಕೆ ತಗ್ಗದಿದ್ದರೆ ಕಾಯಿಸಿ ಕುಡಿಯಿರಿ ಎಂದು ಹೇಳಬೇಕಾದೀತು ಎಂಬ ಎಚ್ಚರಿಕೆಯೂ ಬಂದಿತ್ತು. ಪಕ್ಕದ ಟ್ಯಾಂಪಾ ಬೇ ವಾಟರ್ ಸಂಸ್ಥೆ ಸಲ್ಫೈಡ್ ತೆಗೆಯಲು ತಾತ್ಕಾಲಿಕವಾಗಿ ಸೋಡಿಯಂ ಹೈಪೋಕ್ಲೋರೈಟ್‌ಗೆ, ಅಂದರೆ ಕ್ಲೋರಿನ್ ಕೊಡುವ ಬ್ಲೀಚ್ ದ್ರಾವಣಕ್ಕೆ, ಬದಲಾಯಿಸಿತು. ಅದಕ್ಕೆ ಸಂಗ್ರಹ ತೊಟ್ಟಿ, ಅಳತೆ ಪ್ರಕಾರ ಬಿಡುವ ಡೋಸಿಂಗ್ ಪಂಪ್, ನೀರಿನ ಜೊತೆ ಬೆರೆತು ಕೆಲಸ ಮಾಡಲು ಸಾಕಷ್ಟು ಸಮಯ ಇವೆಲ್ಲ ಮೊದಲೇ ಇದ್ದರಷ್ಟೇ ಆದೀತು. ಬಿಸಿಲಲ್ಲಿಟ್ಟ ಹೈಪೋಕ್ಲೋರೈಟ್ ವಾರಗಳಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಕೂಡಿಡುವಂತೆಯೂ ಇಲ್ಲ.

ನಮ್ಮಲ್ಲೂ ಅದೇ ವರ್ಷ ಏಪ್ರಿಲ್‌ನಲ್ಲಿ ಇದೇ ಪ್ರಶ್ನೆ ಕಡತದಲ್ಲಿ ಬಂದಿತ್ತು. ಕೈಗಾರಿಕೆಗಳಿಗೆ ಆಕ್ಸಿಜನ್ ನಿಲ್ಲಿಸಿದ ಕೇಂದ್ರದ ಮೊದಲ ಆದೇಶದಲ್ಲಿ ಒಂಬತ್ತು ವಲಯಗಳಿಗೆ ವಿನಾಯಿತಿಯಿತ್ತು, ನೀರು ಶುದ್ಧೀಕರಣವೂ ಅದರಲ್ಲಿ ಸೇರಿತ್ತು. ಏಪ್ರಿಲ್ 25ರ ಆದೇಶ ಬಂದಾಗ ದ್ರವ ಆಮ್ಲಜನಕ ವೈದ್ಯಕೀಯಕ್ಕೆ ಮಾತ್ರ ಎಂದಾಯಿತು. ಬೆಂಗಳೂರಿನ ನಲ್ಲಿಗೆ ಇದರ ಬಿಸಿ ತಾಗಲಿಲ್ಲ. ಕಾವೇರಿಯದು ನದಿ ನೀರು, ಆಲಂ ಹಾಕಿ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಕೊಟ್ಟರೆ ಕೆಲಸ ಆಗುತ್ತದೆ.

ಓಝೋನನ್ನೇ ನೆಚ್ಚಿದ ಘಟಕಗಳಿಗೆ ಇನ್ನೊಂದು ದಾರಿಯಿದೆ: ಜಿಯೋಲೈಟ್ ಹರಳುಗಳ ಮೂಲಕ ಗಾಳಿ ಹಾಯಿಸಿ ನೈಟ್ರೋಜನ್ ತಡೆದು, ಸುಮಾರು 90 ಶೇಕಡಾ ಆಕ್ಸಿಜನ್ನನ್ನು ಅಲ್ಲೇ ತೆಗೆಯುವುದು. ನಮ್ಮ ಆಸ್ಪತ್ರೆಗಳ ಹಿತ್ತಲಲ್ಲಿ ಎರಡನೇ ಅಲೆಯ ಬಳಿಕ ಬಂದ ಪಿಎಸ್‌ಎ ಘಟಕಗಳದ್ದೂ ಇದೇ ತತ್ವ. ಓಝೋನ್ ತಯಾರಿಗೆ ಇಷ್ಟು ಶುದ್ಧತೆ ಸಾಕು, ತೀರಾ ಶುದ್ಧ ಆಕ್ಸಿಜನ್ ಇದ್ದರೆ ಇಳುವರಿ ಹೆಚ್ಚಲೆಂದು ಸ್ವಲ್ಪ ನೈಟ್ರೋಜನ್ ಬೆರೆಸುವುದೂ ಉಂಟು. ಬ್ಲೋವರ್‌ಗೆ ಕರೆಂಟ್ ಮತ್ತು ಕೆಲವು ವರ್ಷಕ್ಕೊಮ್ಮೆ ಜಿಯೋಲೈಟ್ ಬದಲಾಯಿಸುವ ಖರ್ಚು ಇದ್ದೇ ಇರುತ್ತದೆ.