ಕೋಳಿಗಳಿಗೆ ಬಲೆಯ ಅಂಗಳ: ಬುಡದ ಬಲೆ ಮತ್ತು ಗಿಡದ ಬೇರಿನ ಬಗ್ಗೆ ನನ್ನ ಟಿಪ್ಪಣಿ

ಕುಮಟಾ ಸಮೀಪದ ನಮ್ಮ ಹಿತ್ತಿಲಿನಲ್ಲಿ ಹತ್ತು ಊರುಕೋಳಿಗಳಿಗಾಗಿ 24 ಅಡಿ ಉದ್ದ, 10 ಅಡಿ ಅಗಲದ ಒಂದು ಅಂಗಳಕ್ಕೆ ಬಲೆ ಕಟ್ಟಿ, ಒಳಗೆ ಗಿಡ ನೆಟ್ಟಿದ್ದೇನೆ. ರಾತ್ರಿ ಕೋಳಿ ಮುಚ್ಚುವ ಗೂಡನ್ನು ನಮ್ಮ ಕಡೆ ಎಲ್ಲರೂ ಕಟ್ಟಬಲ್ಲರು. ಅದನ್ನು ಇಲ್ಲಿ ವಿವರಿಸುವುದಿಲ್ಲ. ಹಗಲಿನ ಅಂಗಳವನ್ನು ಮಾಡುವಾಗ ನಾನು ಎರಡು ಕಡೆ ಎಡವಿದೆ. ಅವು ಮರೆತುಹೋಗುವ ಮೊದಲೇ ಬರೆದಿಡುತ್ತಿದ್ದೇನೆ.

ಜಾಗ ಮತ್ತು ನೀರು

ಒಂದು ಕೋಳಿಗೆ 10 ಚದರ ಅಡಿ ತಿರುಗಾಡುವ ಜಾಗ ಸಾಕು ಎಂಬುದು ಸಾಮಾನ್ಯ ಲೆಕ್ಕ. ಅದು ಕೋಳಿಗೆ ಸಾಕಾಗುವ ಜಾಗವೇ ಹೊರತು ಹುಲ್ಲು ಉಳಿಯುವ ಜಾಗವಲ್ಲ. ಆದ್ದರಿಂದ 240 ಚದರ ಅಡಿಯನ್ನು ನಡುವೆ ಬಲೆ ಹಾಕಿ ಎರಡು ಭಾಗ ಮಾಡಿದೆ. ಒಂದು ಭಾಗದಲ್ಲಿ ಕೋಳಿ ಇರುವಾಗ ಇನ್ನೊಂದು ಚಿಗುರುತ್ತದೆ. ಆಗಲೂ ಪ್ರತಿ ಕೋಳಿಗೆ 12 ಚದರ ಅಡಿ ಸಿಗುತ್ತದೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಂದೇ ದಿನ 100 ಮಿಲಿಮೀಟರ್ ಸುರಿದರೆ ಇಷ್ಟು ಸಣ್ಣ ಅಂಗಳದ ಮೇಲೆಯೇ ಸುಮಾರು 2200 ಲೀಟರ್ ನೀರು ಬಿದ್ದಂತಾಗುತ್ತದೆ. ಹಾಗಾಗಿ ನೆಲಕ್ಕೆ ಪ್ರತಿ ಹತ್ತು ಅಡಿಗೆ ಮೂರು ಇಂಚಿನಷ್ಟು ಇಳಿಜಾರು ಕೊಟ್ಟು, ತಗ್ಗಿನ ಬದಿಯಲ್ಲಿ ಬೇಲಿಯ ಹೊರಗೆ ಬಸಿಗಾಲುವೆ ತೆಗೆಯಬೇಕು. ಗೂಡಿನ ಸೂರಿನ ನೀರು ಅಂಗಳದೊಳಗೆ ಬೀಳಬಾರದು. ಕೋಳಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಜೀವಿಯ ಮೊಟ್ಟೆಯಂಥ ಕಣಗಳು ಹಿಕ್ಕೆಯೊಡನೆ ಹೊರಬೀಳುತ್ತವೆ, ಮತ್ತು ತೇವ ಹಾಗೂ ಬಿಸುಪು ಎರಡೂ ಇರುವಲ್ಲಿ ಒಂದೆರಡು ದಿನಗಳಲ್ಲಿಯೇ ರೋಗ ಹರಡುವ ಸ್ಥಿತಿಗೆ ಬರುತ್ತವೆ. ನಮ್ಮ ಮಳೆಗಾಲದಲ್ಲಿ ಈ ಎರಡಕ್ಕೂ ಕೊರತೆಯಿಲ್ಲ. ಅದಕ್ಕೇ ಗೇರುಮರದ ಒಣ ದರಕನ್ನು ಬೇಸಿಗೆಯಲ್ಲಿಯೇ ಗೋಣಿಚೀಲಗಳಲ್ಲಿ ತುಂಬಿಟ್ಟುಕೊಂಡು, ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಹರಡುತ್ತೇನೆ. ಗೇರೆಲೆ ದಪ್ಪ, ಬೇಗ ಕೊಳೆಯುವುದಿಲ್ಲ.

ಬುಡದ ಬಲೆ ಒಳಕ್ಕೋ, ಹೊರಕ್ಕೋ

ಮುಂಗುಸಿಯನ್ನು ತಡೆಯಲು ಬೇಲಿಯನ್ನು ಎರಡು ಅಡಿ ಆಳಕ್ಕೆ ಹೂಳಬೇಕೆಂದು ಹಲವರು ಹೇಳಿದ್ದರು. ನಮ್ಮ ಹಿತ್ತಿಲಿನಲ್ಲಿ ಅರ್ಧ ಅಡಿ ಅಗೆದರೆ ಚಿರೇಕಲ್ಲಿನ ಗಟ್ಟಿ ಹಾಸು ಸಿಗುತ್ತದೆ, ಗುದ್ದಲಿಗೆ ಬಗ್ಗುವುದಿಲ್ಲ. ಹೂಳುವ ಬದಲು ನೆಲದ ಮೇಲೆಯೇ ಬಲೆ ಹಾಸುವ ಉಪಾಯವಿದೆ. ಮೂರಡಿ ಅಗಲದ, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶನ್ನು ಉದ್ದಕ್ಕೆ ಮಡಚಿ, 18 ಇಂಚನ್ನು ಬೇಲಿಗೆ ನೇರವಾಗಿ ಕಟ್ಟಿ, ಉಳಿದ 18 ಇಂಚನ್ನು ನೆಲದ ಮೇಲೆ ಹಾಸಿ ಮಣ್ಣು ಮುಚ್ಚಬೇಕು. ಕೋಳಿ ಬಲೆ ಎಂದು ಮಾರುವ ಆರು ಮೂಲೆಯ ಕಣ್ಣಿನ ತೆಳು ತಂತಿಯ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ನಾಯಿಯ ಹಲ್ಲಿಗೆ ನಿಲ್ಲುವುದಿಲ್ಲ. ಬುಡಕ್ಕೆ ಅದು ಬೇಡ.

ನಾನು ಆ 18 ಇಂಚನ್ನು ಒಳಕ್ಕೆ ಹಾಸಿದೆ. ಕಳ್ಳ ಒಳಗೆ ಬಂದು ತಾನೇ ಮೇಲೇಳಬೇಕು, ಎದ್ದಾಗ ತಲೆಗೆ ಬಲೆ ತಾಗುತ್ತದೆ ಎಂಬುದು ನನ್ನ ತರ್ಕವಾಗಿತ್ತು. ಹದಿನೈದು ದಿನಗಳೊಳಗೆ ಒಂದು ಮಧ್ಯಾಹ್ನ ಎರಡು ಹೇಂಟೆಗಳು ಹೋದವು. ಬೇಲಿಯ ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ಅಗಲದ ಬಿಲವೊಂದಿತ್ತು. ಅದರ ಇನ್ನೊಂದು ಬಾಯಿ ಒಳಗಿನ ಹಾಸುಬಲೆಯ ಅಂಚು ಮುಗಿಯುವಲ್ಲಿ ಸರಿಯಾಗಿ ತೆರೆದುಕೊಂಡಿತ್ತು.

ಇದನ್ನು ನಿಧಾನವಾಗಿ ಯೋಚಿಸಬೇಕು, ಏಕೆಂದರೆ ನನಗೆ ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ಮುಂಗುಸಿ ಬೇಲಿಗೆ ಮೂಗು ತಾಗಿಸಿ, ತಾಗಿದ ಜಾಗದಲ್ಲಿಯೇ ಅಗೆಯಲು ತೊಡಗುತ್ತದೆ. ಹಾಸು ಒಳಗಿದ್ದರೆ ಅಗೆಯಲು ತೊಡಗುವ ಜಾಗ ಬರೀ ಮಣ್ಣು. ಒಮ್ಮೆ ಬೇಲಿಯ ಅಡಿಗೆ ಇಳಿದ ಮೇಲೆ ಅದು ಅಗೆಯುವುದು ಮುಂದಕ್ಕೇ, ಪ್ರತಿ ಗೀರಿನಲ್ಲಿಯೂ ಹಾಸಿನ ಒಳಅಂಚಿಗೆ ಹತ್ತಿರವಾಗುತ್ತಲೇ ಹೋಗುತ್ತದೆ. ಹಾಸು ಹೊರಗಿದ್ದರೆ ಮೊದಲ ಗೀರಿಗೇ ತಂತಿ ಸಿಗುತ್ತದೆ. ದಾಟಬೇಕಾದರೆ ಒಂದೂವರೆ ಅಡಿ ಹಿಂದೆ ಸರಿದು, ಬೇಲಿಯಿಂದ ದೂರ ನಿಂತು ಅಗೆಯಬೇಕು. “ಹಿಂದೆ ಬಂದು ಯೋಚನೆ ಮಾಡೂದು ಅದ್ರ ಜಾತಿಗೆ ಬರೂದಿಲ್ಲ ತಮಾ” ಎಂದರು ನೆರೆಮನೆಯ ಹಿರಿಯರು, ನಾನು ಕಟ್ಟುತಂತಿಗಳನ್ನೆಲ್ಲ ಬಿಚ್ಚುತ್ತ ಕುಳಿತಿದ್ದಾಗ.

ಹೊರಕ್ಕೆ ತಿರುಗಿಸಿದಾಗ ಇನ್ನೊಂದು ತೊಡಕು ಎದುರಾಯಿತು. ಒಳಕ್ಕೆ ಹಾಸಿದಾಗ ಮೂಲೆಗಳಲ್ಲಿ ಬಲೆಯ ಮೇಲೆ ಬಲೆ ಬರುತ್ತದೆ. ಹೊರಕ್ಕೆ ಹಾಸಿದಾಗ ಪ್ರತಿ ಮೂಲೆಯಲ್ಲಿ 18 ಇಂಚಿನ ಒಂದು ಚೌಕ ಬರಿದಾಗಿಯೇ ಉಳಿಯುತ್ತದೆ. ಇದು ತಲೆಗೆ ಹತ್ತದಿದ್ದರೆ ಹಳೆಯ ಕ್ಯಾಲೆಂಡರಿನ ಎರಡು ಪಟ್ಟಿಗಳನ್ನು ಉದ್ದಕ್ಕೆ ಮಡಚಿ, ಬೆಂಕಿಪೊಟ್ಟಣದ ಎರಡು ಬದಿಗಳಿಗೆ ಹೊರಮುಖವಾಗಿ ಇಟ್ಟು ನೋಡಬಹುದು. ಆ ಚೌಕಕ್ಕೆ ಎರಡಡಿ ಉದ್ದಗಲದ ತುಂಡನ್ನು ಇಟ್ಟು, ಎರಡು ಬದಿಯ ಹಾಸಿನ ಮೇಲೂ ಐದಾರು ಇಂಚು ಹತ್ತಿಸಿ ಬಿಗಿಯಬೇಕು. ಲೆಕ್ಕ ಹೀಗಿದೆ: ಸುತ್ತಳತೆ 68 ಅಡಿ, ನಾಲ್ಕು ಮೂಲೆಯ ತುಂಡುಗಳಿಗೆ 8 ಅಡಿ, ಜೋಡಣೆಗೆ ಉಳಿಕೆ ಸೇರಿ 80 ಅಡಿ ತರಬೇಕು. ನಾನು ತಂದಿದ್ದು 68 ಅಡಿ. ಬಾಗಿಲಿನ ಅಡಿಗೆ ಚಿರೇಕಲ್ಲಿನ ಒಂದು ಸಾಲು ಹೊಸ್ತಿಲು ಸಾಕು. ಸಮುದ್ರದ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುವುದರಿಂದ, ಬೆಸೆದ ಮೇಲೆ ಸತುವಿನ ಲೇಪ ಕೊಟ್ಟ ಬಲೆಯನ್ನೇ ಕೇಳಿ ತರಬೇಕು.

ಮೇಲೆ ಮೀನುಗಾರರು ಬಿಸಾಡುವ ಹಳೆಯ ನೈಲಾನ್ ಬಲೆ ಹರಡಿದರೆ ಹದ್ದು, ಕಾಗೆಗಳಿಂದ ಮರಿಗಳು ಉಳಿಯುತ್ತವೆ. ಅದು ರಾತ್ರಿಯ ಪುನುಗು ಬೆಕ್ಕಿಗೆ ತಡೆಯಲ್ಲ. ಕತ್ತಲಾದ ಮೇಲೆ ಗೂಡಿನ ಬಾಗಿಲು ಹಾಕಲೇಬೇಕು.

ಗಿಡಗಳು

ಮನೆಕೋಳಿಯ ಮೂಲ ಕೆಂಪು ಕಾಡುಕೋಳಿ. ಅದಾಗಲಿ, ಅದರ ಸಂಬಂಧಿಯಾದ ನಮ್ಮ ಘಟ್ಟದ ಬೂದು ಕಾಡುಕೋಳಿಯಾಗಲಿ ಬಯಲಿನ ಹಕ್ಕಿಗಳಲ್ಲ, ಪೊದೆಯಂಚಿನವು. ಏಪ್ರಿಲ್ ತಿಂಗಳ ಮಧ್ಯಾಹ್ನ ಕೊಕ್ಕು ತೆರೆದು ಏದುವ ಹೇಂಟೆಯನ್ನು ನೋಡಿದರೆ ನೆರಳೇಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ. ನೆರಳಿಗೆ ಹಿಪ್ಪುನೇರಳೆ, ದಾಸವಾಳ, ನುಗ್ಗೆ ನೆಟ್ಟೆ. ಮೂರೂ ಕಡ್ಡಿಯಿಂದಲೇ ಬರುತ್ತವೆ. ನುಗ್ಗೆಗೆ ನೀರು ನಿಲ್ಲದ ಎತ್ತರದ ಬದಿಯೇ ಬೇಕು. ಬಸಿಗಾಲುವೆಯ ಅಂಚಿಗೆ ಲಾವಂಚ, ಬೇಲಿಯ ಗುಂಟ ಮಜ್ಜಿಗೆಹುಲ್ಲು ಮತ್ತು ಚಕ್ರಮುನಿ. ಮಜ್ಜಿಗೆಹುಲ್ಲನ್ನು ಕೋಳಿಗಳು ಮುಟ್ಟುವುದಿಲ್ಲ, ಚಕ್ರಮುನಿಯನ್ನು ಬಿಡುವುದಿಲ್ಲ. ಹರಳು, ಕಣಗಿಲೆ, ಲಂಟಾನ, ಗುಲಗಂಜಿ ಇವು ವಿಷದ ಗಿಡಗಳು. ಬೇಲಿಯ ಆಚೆಯಿಂದ ಬಾಗಿ ಒಳಗೆ ಬೀಜ ಉದುರಿಸುವಂತೆಯೂ ಇರಬಾರದು.

ಜೂನ್‌ನಲ್ಲಿ ನೆಟ್ಟು, ಅಕ್ಟೋಬರಿನಲ್ಲಿ ಕೋಳಿ ಬಿಟ್ಟೆ. ಎಲೆ ತಿಂದಾವೆಂದು ಹೆದರಿ ಹಿಪ್ಪುನೇರಳೆಯ ಸುತ್ತ ಸೊಂಟದೆತ್ತರಕ್ಕೆ ಬಲೆ ಸುತ್ತಿದ್ದೆ. ಮೂರನೆಯ ದಿನಕ್ಕೆ ಎಲೆಯೆಲ್ಲ ಇದ್ದಂತೆಯೇ ಇತ್ತು. ಗಿಡ ಮಾತ್ರ ಬಾಡಿ ಓರೆಯಾಗಿತ್ತು. ಕೂತು ನೋಡಿದೆ. ಹೇಂಟೆ ಬುಡದ ಹತ್ತಿರ ನಿಂತು ಬಲಗಾಲಿನಿಂದ ಎರಡು ಸಲ, ಎಡಗಾಲಿನಿಂದ ಒಂದು ಸಲ ಕೆದರಿ, ಒಂದು ಹೆಜ್ಜೆ ಹಿಂದೆ ಇಟ್ಟು, ತಲೆ ವಾರೆ ಮಾಡಿ ಏನು ಸಿಕ್ಕಿತೆಂದು ನೋಡುತ್ತಿತ್ತು. ದಾರದಂಥ ಬಿಳಿ ಬೇರುಗಳು ಬಿಸಿಲಿಗೆ ಬಿದ್ದಿದ್ದವು. ಎಂದರೆ, ಕಾಯಬೇಕಾದದ್ದು ಕೊಕ್ಕನ್ನಲ್ಲ, ಕಾಲನ್ನು.

ಇದಕ್ಕೆ ನನಗೆ ಒಗ್ಗಿದ ಉಪಾಯ ತೆಂಗಿನಕಾಯಿ ಸಿಪ್ಪೆ. ಗಿಡದ ಸುತ್ತ ಎರಡಡಿ ಅಗಲಕ್ಕೆ ಸಿಪ್ಪೆಗಳ ಬೆನ್ನು ಮೇಲೆ ಬರುವಂತೆ ಒಂದಕ್ಕೊಂದು ಒತ್ತಿ ಜೋಡಿಸಿ, ಸಂದುಗಳಿಗೆ ಮುಷ್ಟಿಗಾತ್ರದ ಚಿರೇಕಲ್ಲಿನ ಚೂರುಗಳನ್ನು ಬಿಗಿಯಬೇಕು. ಬಿಡಿಬಿಡಿಯಾಗಿ ಇಟ್ಟರೆ ಒಂದೇ ದಿನದಲ್ಲಿ ಮಗುಚಿಹಾಕುತ್ತವೆ. ಬೇಸಿಗೆಯಲ್ಲಿ ಅಡಿಗೆ ಗೆದ್ದಲು ಕೂಡುತ್ತದೆ, ಆದರೆ ಸಿಪ್ಪೆ ಎತ್ತಿ ತೋರಿಸಿದರೆ ಕೋಳಿಗಳೇ ಅದನ್ನು ಖಾಲಿ ಮಾಡುತ್ತವೆ.

ಹುಲ್ಲಿಗೆ ಬೇರೆಯದೇ ವ್ಯವಸ್ಥೆ ಬೇಕು. ರೀಪಿನಿಂದ ನಾಲ್ಕಡಿ ಉದ್ದ, ಎರಡಡಿ ಅಗಲ, ನಾಲ್ಕಿಂಚು ಎತ್ತರದ ಚೌಕಟ್ಟು ಮಾಡಿ, ಮೇಲೆ ಒಂದಿಂಚು ಕಣ್ಣಿನ ಬಲೆ ಬಿಗಿದು, ಒಳಗೆ ಗರಿಕೆ ಅಥವಾ ರಾಗಿ ಬೆಳೆಸಿದರೆ, ಬಲೆಯ ಮೇಲಕ್ಕೆ ಬಂದ ತುದಿಯನ್ನಷ್ಟೇ ಕೋಳಿಗಳು ಕೀಳುತ್ತವೆ. ನಡುವೆ ಅಡ್ಡರೀಪು ಇಲ್ಲದಿದ್ದರೆ ಮೂರು ಕೋಳಿಗಳ ಭಾರಕ್ಕೆ ಬಲೆ ಜೋತು, ಬುಡದವರೆಗೂ ಕೊಕ್ಕು ಎಟಕುತ್ತದೆ.

ಭಾಗ ಬದಲಿಸುವ ಅವಧಿ ಋತುವಿನಂತೆ ಬೇರೆ. ಮಳೆಗಾಲದಲ್ಲಿ ಮೂರು ವಾರಕ್ಕೆ ಚಿಗುರಿದ ಭಾಗ, ಬೇಸಿಗೆಯಲ್ಲಿ ನೀರು ಹಾಕಿದರೂ ಆರು ವಾರ ಕೇಳಿತು. ಗೂಡನ್ನು ನಾನು ಅಂಗಳದ ಒಂದು ತುದಿಗೆ ಕಟ್ಟಿದ್ದರಿಂದ, ಆಚೆಯ ಭಾಗದ ಸರದಿ ಬಂದಾಗಲೆಲ್ಲ ಬೆಳಿಗ್ಗೆ ಸಂಜೆ ಹತ್ತು ಕೋಳಿಗಳನ್ನು ಚಿಗುರುತ್ತಿರುವ ಭಾಗದ ಮೂಲಕವೇ ಅಟ್ಟಿಕೊಂಡು ಹೋಗಬೇಕಾಗಿದೆ. ಗೂಡು ನಡುವಿನ ಬಲೆಯ ಗೆರೆಯ ಮೇಲೆ, ಎರಡೂ ಕಡೆ ಒಂದೊಂದು ಬಾಗಿಲು ಇಟ್ಟುಕೊಂಡು ನಿಲ್ಲಬೇಕಿತ್ತು. ಮೇ ಮುಗಿಯುವ ಮೊದಲು ಅದನ್ನು ಅಲ್ಲಿಗೆ ಸರಿಸುತ್ತೇನೆ.