ಎನ್ ಬೇರೆ, ಎಕ್ಸ್ ಬೇರೆ: ಕ್ರೋಮೋಸೋಮ್ ಲೆಕ್ಕದ ಟಿಪ್ಪಣಿ

ಕೋಶದೊಳಗೆ ಜೀನ್‌ಗಳನ್ನು ಹೊತ್ತ ದಾರದಂಥ ರಚನೆಗಳೇ ಕ್ರೋಮೋಸೋಮ್. ಅವನ್ನು ಎಣಿಸಲು ಈರುಳ್ಳಿ ಬೇರಿನ ಸ್ಲೈಡ್ ಮಾಡುವ ಕ್ರಮ ಎಲ್ಲ ಪ್ರಾಕ್ಟಿಕಲ್ ಪುಸ್ತಕದಲ್ಲೂ ಇದೆ, ಬಿಡಿ. ಒಂದೇ ಮಾತು: ಹೆಬ್ಬೆರಳಲ್ಲಿ ಒತ್ತುವಾಗ ಕವರ್‌ಸ್ಲಿಪ್ ಪಕ್ಕಕ್ಕೆ ಜಾರಬಾರದು. ಜಾರಿದರೆ ಕೋಶಗಳು ಒಂದರ ಮೇಲೊಂದು ಉರುಳಿ ಎಣಿಕೆಗೆ ಸಿಗುವುದಿಲ್ಲ.

ಎಣಿಸುವಾಗ ತೋಳುಗಳನ್ನು ನೋಡಬೇಡಿ, ಅವು ಸೇರುವ ‘ಸೊಂಟ’, ಅಂದರೆ ಸೆಂಟ್ರೋಮಿಯರ್ ಎಣಿಸಿ. ಮೆಟಾಫೇಸ್ ಅಂದರೆ ಕೋಶ ಒಡೆಯುವಾಗ ಕ್ರೋಮೋಸೋಮ್‌ಗಳು ನಡುವೆ ಸಾಲಾಗುವ ಹಂತ; ಆಗ ಪ್ರತಿ ಕ್ರೋಮೋಸೋಮ್‌ನಲ್ಲೂ ಕ್ರೊಮ್ಯಾಟಿಡ್ ಎಂಬ ಎರಡು ಪ್ರತಿಗಳು ಇರುತ್ತವೆ. ಈರುಳ್ಳಿಯ ಮೆಟಾಫೇಸ್‌ನಲ್ಲಿ ಕ್ರೊಮ್ಯಾಟಿಡ್ 32 ಇದ್ದರೂ ಕ್ರೋಮೋಸೋಮ್ 16 ಮಾತ್ರ.

ಈಗ ತಲೆ ತಿನ್ನುವ ಭಾಗ. ಗೋಧಿಗೆ 2ಎನ್ = 6ಎಕ್ಸ್ = 42 ಅಂತ ಬರೆದಿರುತ್ತಾರೆ. ಎರಡು ಹೇಗೆ ಆರಕ್ಕೆ ಸಮ?

ಎನ್ ಅಂದರೆ ಪರಾಗದಲ್ಲೋ ಅಂಡದಲ್ಲೋ ಇರುವ ಸಂಖ್ಯೆ, ಅಷ್ಟೇ; ಬೇರು, ಎಲೆಯಂಥ ಮೈಕೋಶದಲ್ಲಿ ಇರುವುದು 2ಎನ್. ಅದರಲ್ಲಿ ಎಷ್ಟು ಸೆಟ್ ಇದೆ ಅನ್ನುವುದು ಎನ್‌ಗೆ ಬೇಕಿಲ್ಲ. ಎಕ್ಸ್ ಅಂದರೆ ಒಂದು ಮೂಲ ಸೆಟ್. ಈರುಳ್ಳಿಯಲ್ಲಿ ಎರಡೂ 8, ಮನುಷ್ಯರಲ್ಲಿ ಎರಡೂ 23. ಅದಕ್ಕೇ ಪಿಯುಸಿವರೆಗೆ ಯಾರಿಗೂ ಅನುಮಾನ ಬರಲ್ಲ. ಗೋಧಿಯಲ್ಲಿ ಎನ್ 21, ಎಕ್ಸ್ 7. ಅದರ ಪರಾಗದಲ್ಲೇ ಮೂರು ಸೆಟ್ ಇವೆ! ಎನ್ ಸಂಖ್ಯೆಯ ಕೋಶಕ್ಕೆ ಹ್ಯಾಪ್ಲಾಯ್ಡ್ ಅನ್ನುತ್ತಾರೆ; ‘ಹ್ಯಾಪ್ಲಾಯ್ಡ್ ಅಂದರೆ ಒಂದೇ ಸೆಟ್’ ಅನ್ನುವ ಮಾತು ಇಲ್ಲಿ ಕೈಕೊಡುತ್ತದೆ.

ಆ ಮೂರು ಸೆಟ್ ಬಂದಿದ್ದು ಎ, ಬಿ, ಡಿ ಅಂತ ಕರೆಯುವ ಮೂರು ಹುಲ್ಲಿನ ಮೂಲಗಳಿಂದ. ಪರಾಗ, ಅಂಡ ಆಗಲು ನಡೆಯುವ ಕೋಶ ವಿಭಜನೆಯಾದ ಮಿಯಾಸಿಸ್‌ನಲ್ಲಿ ಎ ಜೊತೆ ಎ, ಬಿ ಜೊತೆ ಬಿ ಮಾತ್ರ ಜೋಡಿಯಾಗುತ್ತವೆ. ಇದನ್ನು ಕಾಯುವುದು 5ಬಿ (ಬಿ ಸೆಟ್‌ನ ಐದನೆಯ) ಕ್ರೋಮೋಸೋಮ್ ಮೇಲಿರುವ ಪಿಎಚ್1 ಜೀನ್. ಹಾಗಾಗಿ ಆರು ಸೆಟ್ ಇದ್ದರೂ 21 ಜೋಡಿ ಅಚ್ಚುಕಟ್ಟಾಗಿ ಬರುತ್ತವೆ.

ನಮ್ಮ ರಾಗಿಯೂ ಹೀಗೇ: 2ಎನ್ = 4ಎಕ್ಸ್ = 36. ಆದರೆ ಅಭ್ಯಾಸಕ್ಕೆ ಕಾಫಿಯೇ ಒಳ್ಳೆಯದು. ಅರೇಬಿಕಾ 2ಎನ್ = 4ಎಕ್ಸ್ = 44, ರೊಬಸ್ಟಾ 2ಎನ್ = 2ಎಕ್ಸ್ = 22. ಅರೇಬಿಕಾದ ಪರಾಗದಲ್ಲಿ 22, ರೊಬಸ್ಟಾದ ಎಲೆಯಲ್ಲೂ 22. ಪರೀಕ್ಷೆಯಲ್ಲಿ ಬೀಳಿಸುವ ಜಾಗ ಇದೇ. ಎರಡನ್ನೂ ಸುಮ್ನೆ ಕ್ರಾಸ್ ಮಾಡಿದರೆ 22 + 11 = 33, ಅಂದರೆ 3ಎಕ್ಸ್. ಮೂರನೇ ಸೆಟ್‌ಗೆ ಜೋಡಿ ಇಲ್ಲ, ಬೀಜ ಸರಿಯಾಗಿ ಕಟ್ಟಲ್ಲ. ಮೊದಲು ರೊಬಸ್ಟಾವನ್ನು ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ 44ಕ್ಕೆ ಏರಿಸಿದರೆ 22 + 22 ಸಿಗುತ್ತದೆ. ಬ್ರೆಜಿಲ್‌ನ ಇಕಾಟು ತಳಿ ಬಂದಿದ್ದು ಈ ದಾರಿಯಲ್ಲಿ. ಕ್ರೋಮೋಸೋಮ್‌ಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳ ಗೊಂಚಲಾದ ಸ್ಪಿಂಡಲ್ ಅನ್ನು ಕಾಲ್ಚಿಸಿನ್ ಕಟ್ಟಲು ಬಿಡುವುದಿಲ್ಲ; ಕ್ರೊಮ್ಯಾಟಿಡ್‌ಗಳು ಬೇರೆಯಾಗುತ್ತವೆ, ಕೋಶ ಮಾತ್ರ ಒಂದಾಗಿಯೇ ಉಳಿಯುತ್ತದೆ, ಹಾಗಾಗಿ ಸಂಖ್ಯೆ ಇಮ್ಮಡಿಯಾಗುತ್ತದೆ.

ಮೆಡಿಕಲ್ ಕಡೆ ಚುಟುಕಾಗಿ. ಮನುಷ್ಯರ ಸಂಖ್ಯೆ 48 ಅಂತಲೇ ದಶಕಗಳ ಕಾಲ ನಂಬಿದ್ದರು. ಸ್ವೀಡನ್ನಿನ ಲುಂಡ್‌ನಲ್ಲಿ ವಿಜ್ಞಾನಿಗಳಾದ ಟಿಯೋ ಮತ್ತು ಲೆವಾನ್ 1956ರಲ್ಲಿ 46 ಅಂತ ತೋರಿಸಿದರು. ತೆಳು ಉಪ್ಪುನೀರಲ್ಲಿ ಕೋಶ ಊದಿಸಿದ್ದರಿಂದ ಕ್ರೋಮೋಸೋಮ್‌ಗಳು ಬಿಡಿಬಿಡಿಯಾದವು. ಟ್ರೈಸೋಮಿ ಅಂದರೆ ಒಂದು ಜಾಸ್ತಿ, 47. ಟ್ರಿಪ್ಲಾಯ್ಡಿ ಅಂದರೆ ಒಂದು ಸೆಟ್ಟೇ ಜಾಸ್ತಿ, 69. ಕ್ರೋಮೋಸೋಮ್ ಪರೀಕ್ಷೆಯ ರಿಪೋರ್ಟಿನಲ್ಲಿ ಕಾಣುವ ಎಕ್ಸ್ ಲಿಂಗ ಕ್ರೋಮೋಸೋಮ್, ನಮ್ಮ ಎಕ್ಸ್ ಅಲ್ಲ!

ಡೌನ್ ಸಿಂಡ್ರೋಮ್‌ಗೆ ಕಾರಣ 21ನೇ ಕ್ರೋಮೋಸೋಮ್ ಹೆಚ್ಚಿರುವುದು. ಆದರೆ ಡೌನ್ ಸಿಂಡ್ರೋಮ್ ಇದ್ದೂ ಎಣಿಕೆ 46 ಬರಬಹುದು. ಹೆಚ್ಚುವರಿ 21ರ ಉದ್ದ ತೋಳು 14ನೇ ಕ್ರೋಮೋಸೋಮ್‌ಗೆ ಅಂಟಿಕೊಂಡಿದ್ದರೆ ಸೆಂಟ್ರೋಮಿಯರ್ ಲೆಕ್ಕಕ್ಕೆ ಅದು ಸಿಗಲ್ಲ, ಬಣ್ಣ ಹಾಕಿ ಪಟ್ಟೆಗಳನ್ನು ಮೂಡಿಸುವ ಬ್ಯಾಂಡಿಂಗ್‌ನಲ್ಲೇ ಕಾಣಬೇಕು. ಅಂಥ ಜೋಡಣೆಯನ್ನು ಹೊತ್ತ ತಾಯಿಯ ಅಥವಾ ತಂದೆಯ ಎಣಿಕೆ 45, ಅವರು ಆರೋಗ್ಯವಾಗಿಯೇ ಇರುತ್ತಾರೆ.